ಗೆರೆಯೊಳಗೆ ನಿಂತವಳು

ಕಾಡಿನ ಜಲಪಾತ ನೋಡಲು ಬರುವವರಿಗೆ ಒಂದು ಚಾಳಿಯಿದೆ. ಆರು ಮೈಲಿ ಏದುಸಿರು ಬಿಡುತ್ತಾ ನಡೆದು ಬಂದು, ನೀರು ಕಂಡ ಕೂಡಲೇ ಚಪ್ಪಲಿಯ ಜೊತೆ ಬುದ್ಧಿಯನ್ನೂ ದಡದಲ್ಲಿ ಬಿಟ್ಟುಬಿಡುತ್ತಾರೆ. ಅಂಥವರಿಗಾಗಿಯೇ ಆ ಬಂಡೆಯ ಮೇಲೊಂದು ಹಳದಿ ಗೆರೆ. ಈಚೆ ನಿಂತರೆ ನೋಟ, ಆಚೆ ಹೋದರೆ ಮಡು. ಅದನ್ನು ಎಳೆಯುತ್ತಿದ್ದವನು ಅರಣ್ಯ ಕಚೇರಿಯ ಪೇಂಟರ್. ಫಲಕ, ಗೇಟು, ಸಾಹೇಬರ ಕುರ್ಚಿ ಎಲ್ಲಕ್ಕೂ ಬಣ್ಣ ಬಳಿಯುವವನು ಅವನೇ ಆದರೂ ಅವನಿಗೆ ಗೆರೆಯಣ್ಣ ಎಂದೇ ಹೆಸರು ಬಿದ್ದಿತ್ತು.

ಗೆರೆ ಎಳೆಯುವುದೇನು ಮಹಾ ಎನ್ನಬೇಡಿ. ಮಳೆಗಾಲ ಮುಗಿದು ದಾರಿ ತೆರೆಯುವ ಮೊದಲು ಅವನು ಎರಡು ದಿನ ಆ ಬಂಡೆಯ ಮೇಲೆ ಬರಿಗಾಲಲ್ಲಿ ಇರುತ್ತಿದ್ದ. ತಂತಿ ಬ್ರಷ್ಷಿನಿಂದ ಪಾಚಿ ಉಜ್ಜುವುದು, ಗೇಣು ಗೇಣಿಗೂ ಮೈಭಾರ ಬಿಟ್ಟು ನಿಲ್ಲುವುದು, ಚೊಂಬು ನೀರು ಸುರಿದು ಯಾವ ಕಡೆ ಓಡುತ್ತದೆಂದು ನೋಡುವುದು. ಮಡುವಿನ ಕಡೆ ಓಡಿತೋ, ಗೆರೆ ಒಂದು ಮಾರು ಹಿಂದೆ. ಪ್ರತಿ ಮಳೆಗಾಲವೂ ಬಂಡೆಯ ಗುಣ ಬದಲಿಸುತ್ತದೆ, ಹೋದ ವರ್ಷದ ಗೆರೆಯನ್ನು ನಂಬಬಾರದು ಎನ್ನುವುದು ಅವನ ಪಾಲಿಗೆ ವೇದವಾಕ್ಯ. ಅನುಮಾನ ಬಂದ ಕಡೆ ಹೆಂಡತಿಯನ್ನೂ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದ. ಆಕೆ ತುಸು ದಪ್ಪ.

“ನಿನ್ನ ಭಾರ ತಡೆದ ಬಂಡೆ ಆನೆ ಬಂದ್ರೂ ತಡೆಯುತ್ತೆ ಕಣೆ.”

“ಇಷ್ಟು ವರ್ಷ ನಿನ್ನನ್ನ ತಡ್ಕೊಂಡಿರೋಳು ನಾನು. ಆ ಬಂಡೆಗೇನು ಗೊತ್ತು ಕಷ್ಟ?”

ದಾರಿ ತೆರೆದ ಮೇಲೆ ಬಂಡೆಯ ಬಳಿಯ ತಗಡಿನ ಚಾವಣಿಯ ಕೆಳಗೆ ಕೂತು, ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ. “ಮೂರು ಗಂಟೆಗೆ ವಾಪಸ್ ಹೊರಡಿ. ನೀರಿಗೆ ಕೆಂಪು ಬಂದ್ರೆ, ತರಗೆಲೆ ತೇಲಿ ಬಂದ್ರೆ, ಮೇಲೆಲ್ಲೋ ಮಳೆ ಆಗಿದೆ ಅಂತ ಅರ್ಥ. ಫೋಟೋ ಗೀಟೋ ಬಿಟ್ಟು ಮೇಲೆ ಹತ್ತಿ. ಗೆರೆ ಒಳಗಿದ್ರೆ ನಿಮ್ಮ ಜವಾಬ್ದಾರಿ ನಂದು.” ಇಪ್ಪತ್ತೆರಡು ವರ್ಷ ಆ ಮಾತು ಸುಳ್ಳಾಗಲಿಲ್ಲ.

ಇಪ್ಪತ್ಮೂರನೆಯ ವರ್ಷ ಮಳೆ ತಡವಾಗಿ ನಿಂತಿತು. ಸಾಹೇಬರಿಗೆ ದಾರಿ ತೆರೆಯುವ ಅವಸರ. ಗೆರೆಯಣ್ಣನ ಮಂಡಿ ಊದಿಕೊಂಡಿತ್ತು. ನಾಲ್ಕು ದಿನ ರಜೆ ಹಾಕು ಎಂದು ಹೆಂಡತಿ ಗೋಗರೆದಳು. ನಾನು ಹೋಗದಿದ್ದರೆ ಯಾರೋ ಎಳೆದುಬಿಡುತ್ತಾರೆ ಎಂದು ಹಟ ಹಿಡಿದು ಹೋದ. ಹಳೆಯ ಗೆರೆ ಮಸುಕಾಗಿದ್ದರೂ ಕಾಣುತ್ತಿತ್ತು. ಮಣೆ ಹಾಕಿಕೊಂಡು ಕೂತವನು, ಕೂತಲ್ಲಿಂದಲೇ ಸರಿಯುತ್ತಾ ಸರಿಯುತ್ತಾ ಹಳೆಯದರ ಮೇಲೇ ಹೊಸ ಬಣ್ಣ ಬಳಿದ. ಎದ್ದು ನಿಲ್ಲಲಿಲ್ಲ, ನೀರು ಸುರಿಯಲಿಲ್ಲ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಗೆರೆ ಎಂದಿಗಿಂತ ಚೆನ್ನಾಗಿಯೇ ಹೊಳೆಯುತ್ತಿತ್ತು.

ನಾಲ್ಕನೆಯ ಭಾನುವಾರ ಅಂಚೆ ಕಚೇರಿಯ ಏಳು ಜನ ಬಂದರು. ಅವರಲ್ಲೊಬ್ಬಳು ಗುಮಾಸ್ತೆ, ಮೂವತ್ತರ ಆಸುಪಾಸು. ಪಾಠವನ್ನು ಕಿವಿಗೊಟ್ಟು ಕೇಳಿದವಳು ಅವಳೊಬ್ಬಳೇ. “ಕೇಳಿಸ್ತಾ? ಗೆರೆ ದಾಟಿದೋರಿಗೆ ಊಟ ಇಲ್ಲ,” ಎಂದು ಉಳಿದವರನ್ನು ಗದರಿಸಿ ನಗಿಸಿದಳು. ಮಧ್ಯಾಹ್ನ ಅವರೆಲ್ಲ ಚಾವಣಿಯ ಹಿಂದೆ ಡಬ್ಬಿ ತೊಳೆಯುತ್ತಿದ್ದಾಗ ಅವಳೊಬ್ಬಳೇ ನೀರು ನೋಡುತ್ತ ನಿಂತಿದ್ದಳು. ಗೆರೆಗಿಂತ ಎರಡು ಗೇಣು ಈಚೆಗೆ. ಗೆರೆಯಣ್ಣ ಅವಳ ಪಾದಗಳನ್ನು ಕಣ್ಣಾರೆ ಕಂಡ. ಆ ಮಳೆಗಾಲದಲ್ಲಿ ಅಲ್ಲಿ ಹೊಸದಾಗಿ ಒಸರು ಹುಟ್ಟಿ, ಕಣ್ಣಿಗೆ ಕಾಣದ ಲೋಳೆ ಹರಡಿತ್ತು. ಬರಿಗಾಲಿಟ್ಟಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಎಡಗಾಲು ಜಾರಿತು, ಹಿಂದೆಯೇ ಅವಳು. ಅವನು ಕುಂಟುತ್ತಾ ಓಡಿಹೋಗುವಷ್ಟರಲ್ಲಿ ಮಡುವಿನ ಮೇಲೆ ನೊರೆ ಬಿಟ್ಟರೆ ಬೇರೇನೂ ಇರಲಿಲ್ಲ.

ದೇಹ ಮರುದಿನ ಸಿಕ್ಕಿತು. ವಿಚಾರಣೆಗೆ ಬಂದವರು ಅವನನ್ನು ಕೇಳಿದ್ದು ಒಂದೇ ಮಾತು: ಗೆರೆ ದಾಟಿದ್ದಳಾ? ಹೌದು ಎನ್ನಲು ನಾಲಿಗೆ ಏಳಲಿಲ್ಲ. ಇಲ್ಲ ಎಂದರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಹೆಸರು ಮಣ್ಣುಪಾಲು. “ಗೆರೆ ಇತ್ತು ಸಾರ್, ಪಾಠಾನೂ ಹೇಳಿದ್ದೆ,” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಅವರು ದಾಟಿದಳು ಎಂದು ಬರೆದುಕೊಂಡು ಹೋದರು. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. ವಾರದೊಳಗೆ ಹೊಸ ಫಲಕದ ಆದೇಶ ಬಂತು. ‘ಗೆರೆ ದಾಟಿದ ಯುವತಿಯೊಬ್ಬರು ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.’ ಬರೆದವನು ಗೆರೆಯಣ್ಣನೇ, ಮತ್ತ್ಯಾರು? ಅಷ್ಟು ವರ್ಷ ಒಂದಕ್ಷರ ಸೊಟ್ಟಗಾಗದ ಕೈ ಅಂದು ಮೂರು ಸಲ ಒರೆಸಿ ಬರೆಯಿತು.

ಗೆರೆಯನ್ನು ಸದ್ದಿಲ್ಲದೆ ಎರಡು ಮಾರು ಹಿಂದಕ್ಕೆ ಎಳೆದ. ಯಾಕೆ ಎಂದು ಯಾರೂ ಕೇಳಲಿಲ್ಲ. ಆದರೂ ಸಿಕ್ಕಸಿಕ್ಕವರಿಗೆಲ್ಲ “ಸುಮ್ಮನೆ, ಇನ್ನಷ್ಟು ಭದ್ರ ಇರಲಿ ಅಂತ,” ಎಂದು ತಾನಾಗಿಯೇ ವಿವರಿಸುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಯಾರೂ ಅನ್ನುವ ಮೊದಲೇ ಮುಟ್ಟಿಕೊಳ್ಳುತ್ತಿದ್ದ. ಹೆಂಡತಿಗೂ ಬಾಯಿ ಬಿಡಲಿಲ್ಲ. ತಟ್ಟೆಯ ಮುಂದೆ ಕೂತು ಅರ್ಧಕ್ಕೇ ಕೈ ತೊಳೆಯುವ ಗಂಡನನ್ನು ಕಂಡು ಅವಳು ಮಂಡಿನೋವೆಂದುಕೊಂಡು ಎಣ್ಣೆ ಕಾಯಿಸಿದಳು.

ವರ್ಷ ತುಂಬುವ ಹೊತ್ತಿಗೆ ಸತ್ತವಳ ತಾಯಿ ಬಂದಳು. ಅರವತ್ತು ದಾಟಿದ ಹೆಂಗಸು, ಆರು ಮೈಲಿಯನ್ನು ಕೋಲೂರಿಕೊಂಡು ನಡೆದಿದ್ದಳು. ಫಲಕದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಚಾವಣಿಯ ಕೆಳಗೆ ಬಂದು ಕೂತು, ತಾನು ಯಾರೆಂದು ಹೇಳಿ, ಅವನು ಕೊಟ್ಟ ನೀರು ಕುಡಿದು ಕೇಳಿದಳು. “ಎಷ್ಟು ದೂರ ದಾಟಿದ್ಲಪ್ಪಾ?”

ಅವನು ಖಾಲಿ ಚೊಂಬನ್ನು ಎತ್ತಿ ಪಕ್ಕಕ್ಕಿಟ್ಟ.

“ಒಂದು ಹೆಜ್ಜೆನಾ, ಎರಡು ಹೆಜ್ಜೆನಾ? ಅಷ್ಟು ಹೇಳು ಸಾಕು. ರಸ್ತೆ ದಾಟೋಕೂ ನನ್ನ ಕೈ ಹಿಡ್ಕೊಳ್ಳೋಳು ಅವಳು. ಇಲ್ಲಿ ಬಂದು ಏನು ಬಂತು ಅವಳಿಗೆ ಅಂತ.”

ಸುಳ್ಳು ಹೇಳುವುದು ಸುಲಭವಿತ್ತು. ಒಂದು ಹೆಜ್ಜೆ ಎಂದಿದ್ದರೆ ಆಕೆ ಎದ್ದು ಹೋಗುತ್ತಿದ್ದಳು. ಅವನು ಬಾಯಿ ತೆರೆದ.

“ದಾಟಿರ್ಲಿಲ್ಲಮ್ಮಾ. ಗೆರೆ ಒಳಗೇ ಇದ್ಲು. ನಾನೇ ನೋಡ್ದೆ. ಗೆರೆ ತಪ್ಪಿತ್ತು. ಬಂಡೆ ಪರೀಕ್ಷೆ ಮಾಡ್ಲಿಲ್ಲ, ಹಳೇ ಗೆರೆ ಮೇಲೇ ಬಣ್ಣ ಬಳಿದುಬಿಟ್ಟೆ. ತಪ್ಪು ನಂದು.”

ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. “ಇನ್ನೊಂದ್ಸಲ ಹೇಳು,” ಎಂದಳು. ಅವನು ಇನ್ನೊಮ್ಮೆ ಹೇಳಿದ.

“ಇವತ್ತೇ ಹೋಗಿ ಸಾಹೇಬ್ರಿಗೂ ಹೇಳ್ತೀನಿ,” ಎಂದ. “ನೀವು ನನ್ನನ್ನ ಬೈದುಬಿಡಿ. ಏನ್ ಬೇಕಾದ್ರೂ ಅನ್ನಿ. ಹಿಂಗೆ ಸುಮ್ನೆ ಕೂರ್ಬೇಡಿ ತಾಯಿ.”

ಆಕೆ ಇಲ್ಲವೆಂಬಂತೆ ತಲೆಯಾಡಿಸಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ವರ್ಷದಿಂದ ದಿನಾ ಎದ್ದು ಅವಳನ್ನೇ ಬೈದಿದೀನಿ. ಮಾತು ಕೇಳದೋಳು, ತಲೆ ತಿರುಕಿ, ನನ್ನನ್ನ ಒಂಟಿ ಮಾಡಿ ಹೋದ್ಲು ಅಂತ. ಅವಳ ಫೋಟೋನ ಗೋಡೆ ಕಡೆ ತಿರುಗ್ಸಿ ಇಟ್ಟಿದೀನಿ,” ಎಂದಳು. “ನಿನಗೆ ಅನ್ನೋಕೆ ನನ್ನ ಹತ್ರ ಏನೂ ಉಳಿದಿಲ್ಲಪ್ಪಾ. ಇದ್ದ ಬೈಗುಳೆಲ್ಲ ಅವಳ ಮೇಲೇ ಮುಗಿದುಹೋಯ್ತು.”