ಆದೆಪ್ಪನ ಹಿತ್ತಾಳೆ ಪಂಕ

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಆದೆಪ್ಪನಿಗೆ ಆಟದ ದೋಣಿಯ ಹುಚ್ಚು ಹತ್ತಿದ್ದು ತೊಂಬತ್ತೊಂಬತ್ತರಲ್ಲಿ. ಆಟದ್ದು ಅಂದರೆ ಮಕ್ಕಳದ್ದಲ್ಲ ಮತ್ತೆ! ಮೊಳದುದ್ದದ ದೋಣಿ, ಅದರ ಹೊಟ್ಟೆಯಲ್ಲಿ ಬ್ಯಾಟರಿ, ಹಿಂದೆ ನೀರು ತಳ್ಳಿ ದೋಣಿ ಓಡಿಸುವ ಎರಡು ಬೆರಳಗಲದ ಹಿತ್ತಾಳೆ ಪಂಕ, ದಡದಲ್ಲಿ ನಿಂತವನ ಕೈಯಲ್ಲಿ ರಿಮೋಟು. ವರ್ಷಕ್ಕೊಮ್ಮೆ ಊರಾಚೆಯ ಕೆರೆಯಲ್ಲಿ ಗಿರಣಿ ಮಿಸ್ತ್ರಿಗಳೆಲ್ಲ ಸೇರಿ ಪಂದ್ಯ ಇಡುತ್ತಿದ್ದರು. ಹದಿನಾಲ್ಕು ವರ್ಷವೂ ಆದೆಪ್ಪ ಎರಡನೆಯವನೇ. ಮೊದಲನೆಯವನು ಕೊಪ್ಪಳದ ಕುಬೇರಪ್ಪ. ಅವನು ಪಂಕವನ್ನು ಮುಂಬಯಿಯಿಂದ ತರಿಸುತ್ತಿದ್ದ, ಇವನು ಅಂಗಡಿಯದನ್ನು ತಂದು ತಾನೇ ತಿದ್ದುತ್ತಿದ್ದ.

ತಿದ್ದುವುದೇನು ಹುಡುಗಾಟವೇ? ಪಂಕವನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಬೇಕು. ನೀರು ಹಿಡಿಯುವಂತೆ ರೆಕ್ಕೆಯ ಅಂಚನ್ನು ಕೂದಲೆಳೆಯಷ್ಟು ಬಾಗಿಸಬೇಕು, ಅರ ಹಾಕಿ ತೆಳ್ಳಗೆ ಮಾಡಬೇಕು. ಕೊನೆಗೆ ವಾರಗಟ್ಟಲೆ ಮನೆಯಂಗಳದಲ್ಲಿ ಕೂತು ಸಣ್ಣ ಸುತ್ತಿಗೆಯಲ್ಲಿ ಟಣ್ ಟಣ್ ಎಂದು ಬಡಿಯಬೇಕು. ಕಾಯಿಸಿದ ಹಿತ್ತಾಳೆ ಪೆಟ್ಟು ತಿಂದರೇ ಮತ್ತೆ ಗಟ್ಟಿಯಾಗುವುದು. "ಅಯ್ಯ ನಮ್ಮವ್ವಾ, ಇದಕ್ಕಿಂತ ಇಸ್ಪೀಟ್ ಆಡೋ ಗಂಡನ ಛಲೋ" ಎಂದು ಮೂಗು ಮುರಿದಿದ್ದ ಹೆಂಡತಿ ಸುಂಕಲಮ್ಮ, ಆಮೇಲೆ ಪ್ರತಿ ಪಂದ್ಯಕ್ಕೂ ಗಡಿಯಾರ ಹಿಡಿದು ನಿಂತಳು. ರೆಕ್ಕೆಯ ಮೇಲೆ ಬೆರಳಾಡಿಸಿ ಹದ ಹೇಳುವಷ್ಟು ಕಲಿತಳು.

ಎರಡು ಸಾವಿರದ ಹದಿಮೂರರಲ್ಲಿ ಅವಳ ತಲೆಯೊಳಗೆ ಗಡ್ಡೆ ಎಂದರು. ಡಾಕ್ಟರು ಕೈಚೆಲ್ಲಿ, ಸಪ್ಪಳ ಮಾಡದೆ ನೋಡಿಕೊಳ್ಳಿ ಎಂದು ಕಳಿಸಿದರು. "ಕಡಿಮಿ ಆಗ್ತೈತಂತ" ಎಂದಷ್ಟೇ ಆದೆಪ್ಪ ಅವಳಿಗೆ ಹೇಳಿದ. ಅವನಿಗೆ ಉಳಿದದ್ದು ಒಂದೇ ಆಸೆ, ಅವಳು ಕಣ್ಣು ಮುಚ್ಚುವುದರೊಳಗೆ ಒಮ್ಮೆ ಗೆದ್ದು ಬರಬೇಕು.

ಆ ವರ್ಷ ಅವನು ಅಂಗಳದಲ್ಲಿ ಕೂತು ಪಂಕವನ್ನು ಕಾಯಿಸಿದ, ಬಾಗಿಸಿದ, ಅರ ಆಡಿಸಿದ, ಸುತ್ತಿಗೆಯನ್ನು ಮಾತ್ರ ಮುಟ್ಟಲಿಲ್ಲ. ಗಿರಣಿಗೆ ಹೋಗಿ ಬಡಿಯಬಹುದಿತ್ತು, ಆದರೆ ಅವಳನ್ನು ಗಳಿಗೆಯೂ ಬಿಟ್ಟಿರಲು ಜೀವ ಒಪ್ಪಲಿಲ್ಲ. ಇಷ್ಟೇ ಸಾಕು ಎಂದುಕೊಂಡ. ಸಾಕಾಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪಂದ್ಯದ ದಿನ ತಂಗಿ ಫಕೀರಮ್ಮನನ್ನು ಅವಳ ಹತ್ತಿರ ಕೂರಿಸಿ ಹೋದ. ಮೂರು ಸುತ್ತು ಅವನ ದೋಣಿಯೇ ಮುಂದು. ಕುಬೇರಪ್ಪನ ಮುಖ ಸಪ್ಪಗಾಗಿತ್ತು. ನಾಲ್ಕನೆಯದರಲ್ಲಿ ಮೋಟಾರಿನ ದನಿ ಬದಲಾಯಿತು. ಮೆತ್ತನೆಯ ರೆಕ್ಕೆ ನೀರಿನ ಹೊಡೆತಕ್ಕೆ ನೆಟ್ಟಗಾಗಿ, ದೋಣಿ ತೆವಳತೊಡಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಗೆದ್ದೆ ನೋಡು ಸುಂಕಲೀ!" ಎಂದೇ ಅವನು ಮನೆಯೊಳಗೆ ಬಂದ.

"ಹೌದಾ? ಪಂಕ ಕೊಡ್ರಿ ಇಲ್ಲಿ" ಎಂದು ಅವಳು ಕೈ ಚಾಚಿದಳು. ಬೆರಳಾಡಿಸಿದಳು. ಮುಖ ತಿರುಗಿಸಿದಳು. "ಅಂಚು ನೆಟ್ಟಗಾಗೈತಿ, ಇದು ಗೆದ್ದ ಪಂಕ ಅಲ್ಲ. ಸುತ್ತಿಗಿ ಬಿದ್ದಿಲ್ಲ ಇದಕ್ಕ. ಯಾಕ ಬಡೀಲಿಲ್ರಿ?"

"ನಿನ್ನ ತಲಿಗೆ ತ್ರಾಸ ಆದೀತಂತ..."

"ಕಡಿಮಿ ಆಗ್ತೈತಿ ಅಂದ್ರಿ, ನಂಬಿದ್ದೆ. ದಿನಾ ಕಿವಿಗೊಟ್ಟು ಮಲಗಿದ್ದೆ, ಇವತ್ತ ಬಡೀತಾರ, ನಾಳಿ ಬಡೀತಾರಂತ. ಒಂದ್ ವರ್ಷಾನೂ ಬಿಟ್ಟವರಲ್ಲ ನೀವು. ಸಪ್ಪಳ ಬರಲೇ ಇಲ್ಲ. ನಾ ಉಳಿಯಾಂಗಿಲ್ಲಂತ ಆಗ ತಿಳೀತ್ರಿ. ಅವತ್ತ ಆಸಿ ಬಿಟ್ಟೆ."

ಒಂಬತ್ತನೆಯ ದಿನ ಸುಂಕಲಮ್ಮ ಹೋದಳು. ರೋಗ ಕೊಲ್ಲುವ ಮೊದಲು ತಾನೇ ಕೊಂದೆ ಎನ್ನುತ್ತಾನೆ ಆದೆಪ್ಪ. ಹಾಗಲ್ಲಪ್ಪ ಎಂದು ಯಾರು ಎಷ್ಟು ಹೇಳಿದರೂ ಕೇಳುವುದಿಲ್ಲ.