ಮೂರನೆಯ ಸಲ ಕೇಳುವವರು

ಆತ್ಮಹತ್ಯೆಯನ್ನು ತಡೆಯುವ ಕೆಲಸಕ್ಕೆ ಓದಿಕೊಂಡು ಬಂದವರು ಹಲವರು. ಆ ಕತ್ತಲನ್ನು ಸ್ವತಃ ಹಾದುಬಂದು ಬೇರೆಯವರಿಗಾಗಿ ದೀಪ ಹಿಡಿದು ನಿಂತವರು ವಿರಳ. ಅಮೆರಿಕದ ಉತ್ತರ ಮಿನೆಸೋಟದ ನಮ್ಮ ಗಣಿ ಊರುಗಳಲ್ಲಿ ಅಂಥವರ ಪೈಕಿ ಮೊದಲ ಹೆಸರು ಶ್ರೀಮತಿ ಲೈಲಾ ಕಂಗಾಸ್ ಅವರದು. ಇಪ್ಪತ್ತೊಂಬತ್ತು ವರ್ಷ ಸಹಾಯವಾಣಿಯನ್ನು ನಡೆಸಿ ನಿವೃತ್ತರಾಗಿರುವ ಅವರನ್ನು ನೆನೆದರೆ ತಲೆ ತಾನಾಗಿ ಬಾಗುತ್ತದೆ.

ನಮ್ಮ ಜನರ ಮರ್ಯಾದೆಯ ಬಗೆಯೇ ಬೇರೆ. ಕಾಫಿ ಬೇಕೇ ಎಂದರೆ ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಅರ್ಧ ಕಪ್ ಸಾಕು ಎನ್ನಬೇಕು. ಕಾಫಿಗೆ ಹೀಗೆ ಮೂರು ಸಲ ಕೇಳುವವರು ಕ್ಷೇಮವನ್ನು ಮಾತ್ರ ಒಂದೇ ಸಲ ಕೇಳುತ್ತಾರೆ. ಮನೆಗೆ ಬೆಂಕಿ ಬಿದ್ದವನೂ ಪರವಾಗಿಲ್ಲ ಎನ್ನುತ್ತಾನೆ. ಕೇಳಿದವರು ನೆಮ್ಮದಿಯಾಗಿ ಹೊರಟುಹೋಗುತ್ತಾರೆ.

ಲೈಲಾ ಅವರ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಹಾಗೆ ಒಂದೇ ಸಲ ಕೇಳಿ ಹೊರಟುಹೋದವರು ಅವರ ಅಕ್ಕ ಮತ್ತು ಚರ್ಚಿನ ಪಾದ್ರಿ. ಆ ವಾರವೇ ಲೈಲಾ ಸಾಯಲು ಯತ್ನಿಸಿದರು. ಬದುಕುಳಿದ ಮೇಲೆ, ಆಸ್ಪತ್ರೆಯಲ್ಲಿ ಊಟ ತರುತ್ತಿದ್ದ ಹೆಂಗಸು ಎರಡು 'ಪರವಾಗಿಲ್ಲ' ಕೇಳಿಸಿಕೊಂಡು, ತಟ್ಟೆ ಬದಿಗಿಟ್ಟು, ಕುರ್ಚಿ ಎಳೆದುಕೊಂಡು ಮೂರನೆಯ ಸಲ ಕೇಳಿದಳಂತೆ. ಲೈಲಾ ಬಾಯಿಬಿಟ್ಟು ಅತ್ತದ್ದು ಆಗಲೇ. ಈ ಕಥೆಯನ್ನು ಅವರು ಚರ್ಚುಗಳಲ್ಲಿ, ಗಣಿಯ ಊಟದ ಕೋಣೆಗಳಲ್ಲಿ ತಲೆ ತಗ್ಗಿಸದೆ ಹೇಳಿದರು. ಮುಖ ತಿರುಗಿಸಿದವರೂ ಇದ್ದರು. ಮರುವರ್ಷ ಮತ್ತೆ ಅಲ್ಲಿಗೇ ಹೋಗಿ ಹೇಳಿದರು.

ನಮ್ಮ ಡ್ವೇಯ್ನ್ ಪ್ರೆಬಿಚ್ ಗಣಿಯ ಕೆಲಸ ಕಳೆದುಕೊಂಡ ವರ್ಷ, ಒಂದು ಮಧ್ಯಾಹ್ನ ಸಹಾಯವಾಣಿಗೆ ಕರೆಮಾಡಿದ. ಲೈಲಾ ಎರಡು ಸಲ ಕೇಳಿದರು. ಎರಡು ಸಲವೂ ಅವನು ಪರವಾಗಿಲ್ಲವೆಂದು ಫೋನ್ ಇಡಲು ಹೊರಟ.

"ಅದು ಮರ್ಯಾದೆಗೆ ಹೇಳಿದ್ದು ಕಣಪ್ಪ. ಮೂರನೇ ಸಲ ಕೇಳ್ತಿದ್ದೀನಿ. ಸಾಯ್ಬೇಕು ಅನ್ನಿಸ್ತಿದೆಯಾ?"

"ಹೂಂ," ಎಂದ ಡ್ವೇಯ್ನ್. ಹೆಂಡತಿಗೂ ಅವನು ಅದನ್ನು ಹೇಳಿರಲಿಲ್ಲ.

ವೈದ್ಯರ ಬಳಿಗೆ ಲೈಲಾ ಅವನ ಜೊತೆಯಲ್ಲೇ ಹೋದರು. ಆರು ತಿಂಗಳು ಪ್ರತಿ ಗುರುವಾರ ತಪ್ಪದೆ ಕರೆಮಾಡಿದರು. ಆಮೇಲೆ ಅವನು ಅವರ ಪಕ್ಕದ ಮೇಜಿನಲ್ಲೇ ಕೂತು ಬೇರೆಯವರ ಕರೆಗಳಿಗೆ ಕಿವಿಗೊಡಲು ಕಲಿತ.

ಬೀಳ್ಕೊಡುಗೆಯ ದಿನ ಎಲ್ಲರೂ ಕೇಕ್ ತಿನ್ನುತ್ತಿದ್ದಾಗ ಲೈಲಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹೇಗಿದ್ದೀರಿ ಎಂದು ಡ್ವೇಯ್ನ್ ಕೇಳಿದ. ಪರವಾಗಿಲ್ಲ ಎಂದರು. ಇನ್ನೊಮ್ಮೆ ಕೇಳಿದ. ಪರವಾಗಿಲ್ಲ, ಹೋಗಿ ಕೇಕ್ ತಿನ್ನು ಎಂದರು. ಇಡೀ ಊರಿಗೆ ಧೈರ್ಯ ಹೇಳಿದವರಿಗೆ ಏನಾದೀತು ಎಂದುಕೊಂಡು ಅವನು ಬಾಗಿಲವರೆಗೂ ಹೋದ. ತಾನು ಕೇಳಿದ್ದು ಎರಡೇ ಸಲ ಎಂದು ಅಲ್ಲಿ ಅವನಿಗೆ ಹೊಳೆಯಿತು. ಹಿಂತಿರುಗಿ ಬಂದು ಕುರ್ಚಿ ಎಳೆದುಕೊಂಡು ಕೂತ.

"ಮೂರನೇ ಸಲ ಕೇಳ್ತಿದ್ದೀನಿ, ಲೈಲಾ."

ಅವರು ನಲ್ಲಿ ನಿಲ್ಲಿಸಿದರು. "ಚೆನ್ನಾಗಿಲ್ಲ. ಎರಡು ವಾರದಿಂದ ಆ ಹಳೇದು ಮತ್ತೆ ಬಂದಿದೆ. ನಾಳೆಯಿಂದ ನನ್ನ ಯಾರು ಕೇಳ್ತಾರೆ?"

ಮರುದಿನ ಬೆಳಿಗ್ಗೆ ವೈದ್ಯರ ಬಳಿಗೆ ಈ ಸಲ ಅವನು ಜೊತೆಯಾಗಿ ಹೋದ. ಅವರೀಗ ಚೇತರಿಸಿಕೊಳ್ಳುತ್ತಿದ್ದಾರೆ. ಇದನ್ನು ತಮ್ಮ ಈ ಅಭಿನಂದನ ಗ್ರಂಥದಲ್ಲಿ ಬರೆಯಬೇಕೆಂದು ಹಟ ಹಿಡಿದವರು ಸ್ವತಃ ಲೈಲಾ. ಬಿಟ್ಟರೆ ಪುಸ್ತಕ ಸುಳ್ಳಾಗುತ್ತದೆ ಎಂದರು. ಇಷ್ಟು ದೊಡ್ಡ ಧೈರ್ಯವನ್ನು ನಾವು ಇನ್ನೆಲ್ಲೂ ಕಂಡಿಲ್ಲ.

ಅವರು ದೀರ್ಘಕಾಲ ಬಾಳಲಿ ಎಂದು ನಾವು ಹಾರೈಸುವುದು ಬರಿಯ ಉಪಚಾರಕ್ಕಲ್ಲ. ಅದು ನಮಗೆ ಬೇಕು. ಈಗ ಪ್ರತಿ ಗುರುವಾರ ಡ್ವೇಯ್ನ್ ಅವರ ಮನೆಗೆ ಹೋಗುತ್ತಾನೆ. ಕಾಫಿ ಬೇಕೇ ಎಂದು ಅವರು ಮೂರು ಸಲ ಕೇಳುತ್ತಾರೆ. ಆಮೇಲೆ ಕೇಳುವ ಸರದಿ ಅವನದು.