ಫಿರೋಜಿ ಬಣ್ಣದ ಬಚ್ಚಲು

ಹೋದ ವಾರ ಅಂಗಡಿಯಲ್ಲಿ ಒಂದು ಬಟ್ಟೆಯ ಸುರುಳಿ ಬಿಚ್ಚಿದೆ. ಗಿರಾಕಿಯೊಬ್ಬಳು ತಂದಿದ್ದ ಸೀರೆಗೆ ರವಿಕೆ ಬಟ್ಟೆ ಹೊಂದಿಸಬೇಕಿತ್ತು. ನೀಲಿಯೂ ಅಲ್ಲದ, ಹಸಿರೂ ಅಲ್ಲದ ಬಣ್ಣ. ನಮ್ಮ ವ್ಯಾಪಾರದಲ್ಲಿ ಅದನ್ನು ರಾಮಾ ಗ್ರೀನ್ ಅನ್ನುತ್ತೇವೆ. ಬಟ್ಟೆ ಮೇಜಿನ ಮೇಲೆ ಹರಡಿಕೊಂಡಿತು, ನನ್ನ ಕೈ ಅದರ ಮೇಲೇ ನಿಂತುಬಿಟ್ಟಿತು. "ಏನಾಯ್ತು ಆಂಟಿ, ಮ್ಯಾಚ್ ಆಗಲ್ವಾ?" ಅಂತ ಆ ಹುಡುಗಿ ಕೇಳಿದಳು. ಆಗತ್ತಮ್ಮ ಅಂದೆ. ಅಳೆದು ಕತ್ತರಿಸಿ ಕೊಟ್ಟೆ. ಅವಳು ಹೋದ ಮೇಲೂ ಸುರುಳಿಯನ್ನು ಕಪಾಟಿಗೆ ಏರಿಸಲು ಮನಸ್ಸಾಗದೆ ಸುಮ್ಮನೆ ನೋಡುತ್ತಾ ಕೂತೆ...

ಈ ಬಣ್ಣಕ್ಕೆ ಫಿರೋಜಿ ಅಂತ ಇನ್ನೊಂದು ಹೆಸರಿದೆ ಎಂದು ನನಗೆ ಹೇಳಿಕೊಟ್ಟವರು ಎದುರುಮನೆಯ ಆಪಾ.

ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರ ಬಾಗಿಲು ನಮ್ಮ ಬಾಗಿಲಿಗೆ ನೇರ ಎದುರಿಗಿತ್ತು. ಅವರು ಸಾಮಾನು ಇಳಿಸಿದ ದಿನ ನಾನು ಕಾಫಿ ತಗೊಂಡು ಹೋದೆ. ಅವರು ಮುಖ ನೋಡಿದ ಕೂಡಲೇ, "ಅರೆ, ಮ್ಯಾಚಿಂಗ್ ಸೆಂಟರ್ ಅಮ್ಮ ಅಲ್ವಾ ನೀನು!" ಅಂದರು. ಆರ್.ಟಿ. ನಗರದ ನನ್ನ ಅಂಗಡಿಗೆ ಅವರು ಗಂಗಾನಗರದಿಂದ ನಡೆದೇ ಬರುತ್ತಿದ್ದರಂತೆ, ದುಪಟ್ಟಾಗಳಿಗೆ ಲೇಸು ಕೊಳ್ಳಲು. ನನಗೆ ಅವರ ನೆನಪಿರಲಿಲ್ಲ. ಆದರೂ ಅವತ್ತಿನಿಂದ ಹಳೆಯ ಪರಿಚಯದವರ ಹಾಗೇ ಆದೆವು. ನಾನು ಆಪಾ ಅಂತ ಕರೆಯುತ್ತಿದ್ದೆ, ಅಕ್ಕ ಅನ್ನುವ ಹಾಗೆ.

ಅವರ ಯಜಮಾನರು ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿ ನಡೆಸಿದ್ದವರು. ಲಾರಿ ಸದ್ದನ್ನೂ ಮೀರಿಸುವ ಗಂಟಲಂತೆ. ನಾನು ನೋಡುವ ಹೊತ್ತಿಗೆ ಆ ಗಂಟಲು ಇಳಿದುಹೋಗಿತ್ತು. ಅವರಿಗೆ ಮರೆವಿನ ಕಾಯಿಲೆ. ಮಂಡಿ ಮರೆತಿದ್ದರು, ಮೊಮ್ಮಕ್ಕಳನ್ನು ಮರೆತಿದ್ದರು, ತಿಂಡಿ ತಿಂದದ್ದನ್ನು ಮರೆಯುತ್ತಿದ್ದರು. ಹೆಂಡತಿಯ ಹೆಸರೊಂದು ಮಾತ್ರ ಹೋಗಿರಲಿಲ್ಲ. ಆ ಹೆಸರನ್ನು ಅರ್ಧಕ್ಕೆ ಮುರಿದು, ಕೊನೆಗೆ ಒಂದು ಎಳೆತ ಸೇರಿಸಿ, ದಿನವಿಡೀ ಕರೆಯುತ್ತಿದ್ದರು. ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಆಪಾ ಒಮ್ಮೊಮ್ಮೆ ಬೇಸತ್ತು, "ಬಂದೇ, ಬಂದೇ, ಎಲ್ಲೂ ಓಡಿಹೋಗಿಲ್ಲ" ಅನ್ನುವರು.

ಹೊಸ ಮನೆಗೆ ಬಂದ ಮೇಲೆ ಒಂದು ತೊಂದರೆ ಶುರುವಾಯಿತು. ಯಜಮಾನರು ಬಚ್ಚಲಿಗೆ ಹೋಗಲು ಒಪ್ಪುತ್ತಲೇ ಇರಲಿಲ್ಲ. ಬಚ್ಚಲು ಪೂರ್ತಿ ಬಿಳಿ. ಬಿಳಿ ಟೈಲ್ಸು, ಬಿಳಿ ಗೋಡೆ, ಬಿಳಿ ಲೈಟು. ಬಾಗಿಲ ತನಕ ಬಂದು ನಿಲ್ಲುವರು, ಚೌಕಟ್ಟು ಹಿಡಿದುಕೊಂಡು ಇದು ಆಸ್ಪತ್ರೆ, ನಾನು ಒಳಗೆ ಹೋಗಲ್ಲ, ನನ್ನನ್ನ ಕೊಯ್ತಾರೆ ಅಂತ ಅಳುವರು. ಆ ದೊಡ್ಡ ಮೈಯನ್ನು ಎಳೆಯುವುದು ಆಪಾಗೆ ಹೇಗೆ ಸಾಧ್ಯ? ಹಾಸಿಗೆಯ ಮೇಲೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬೆನ್ನಲ್ಲಿ, ತೊಡೆಸಂದಿಯಲ್ಲಿ ಹುಣ್ಣುಗಳೆದ್ದವು. ಆಪಾಗೆ ಅದಕ್ಕಿಂತ ಹೆಚ್ಚು ನೋವಾಗಿದ್ದು ಯಜಮಾನರ ನಮಾಜ್ ತಪ್ಪಿದ್ದು. ಕೈಕಾಲು ಮುಖ ತೊಳೆದು ವುಜೂ ಮಾಡದೆ ಅವರು ಚಾಪೆಯ ಮೇಲೆ ನಿಲ್ಲುತ್ತಿರಲಿಲ್ಲ. ಬಟ್ಟಲಲ್ಲಿ ನೀರು ತಂದುಕೊಟ್ಟರೆ ಕುಡಿದುಬಿಡುವರು. ಮಸೀದಿಯಿಂದ ಬಾಂಗಿನ ಸದ್ದು ಕೇಳಿದರೆ ಎದ್ದು ಮನೆಯೊಳಗೆಲ್ಲ ಓಡಾಡುವರು, ಏನೋ ಮಾಡಬೇಕು, ಏನು ಅಂತ ಗೊತ್ತಿಲ್ಲ... ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ಭಾನುವಾರ ಆಪಾ ನಮ್ಮ ಮನೆಗೆ ಬಂದು ಕೂತರು. "ನೋಡಮ್ಮಾ, ನನಗೊಂದು ಬಣ್ಣ ಹುಡುಕಿ ಕೊಡ್ತೀಯಾ?" ಅಂದರು.

ಗಂಗಾನಗರದ ಹಳೆಯ ಮನೆಯ ಬಚ್ಚಲು ಫಿರೋಜಿ ಬಣ್ಣದ್ದಂತೆ. ಅವರ ಮಾವ ಕಟ್ಟಿಸಿದ ಮನೆ ಅದು. ಪ್ರತಿ ರಂಜಾನಿಗೆ ಮುಂಚೆ ಯಜಮಾನರೇ ಸುಣ್ಣಕ್ಕೆ ಬಣ್ಣದ ಪುಡಿ ಕಲಸಿ ಬಳಿಯುತ್ತಿದ್ದರಂತೆ, ಬೇರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲವಂತೆ. ಆ ಬಣ್ಣ ಕಂಡರೆ ಒಳಗೆ ಹೋಗಬಹುದು ಅನ್ನುವುದು ಆಪಾ ಲೆಕ್ಕ.

"ಯಾವ ಥರ ಫಿರೋಜಿ ಆಪಾ? ನೀಲಿ ಕಡೆಗೋ ಹಸಿರು ಕಡೆಗೋ?"

ಅವರು ಕಣ್ಣು ಮುಚ್ಚಿಕೊಂಡರು. "ಅಷ್ಟು ವರ್ಷ ಆ ಗೋಡೇನೇ ನೋಡ್ಕೊಂಡು ಸ್ನಾನ ಮಾಡಿದೀನಿ. ಈಗ ಬರ್ತಾನೇ ಇಲ್ಲ ನೋಡು" ಅಂದರು.

ಹಳೆಯ ಮನೆಯನ್ನು ಕೊಂಡವರು ಆಗಲೇ ಕೆಡವಿಬಿಟ್ಟಿದ್ದರು. ಆದರೂ ಹೋಗಿ ನೋಡೋಣ ಅಂತ ಇಬ್ಬರೂ ಆಟೋ ಹತ್ತಿದೆವು. ಜಾಗದ ಸುತ್ತ ತಗಡು ನಿಲ್ಲಿಸಿದ್ದರು. ಕಾವಲಿಗಿದ್ದ ಹೆಂಗಸಿಗೆ ಆಪಾ, "ಇದು ನಮ್ಮ ಮನೆ ಆಗಿತ್ತು ತಾಯಿ, ಒಂದ್ಸಲ ನೋಡಿ ಹೋಗ್ತೀವಿ" ಅಂದರು. ಅವಳು ಏನೂ ಕೇಳದೆ ತಗಡು ಸರಿಸಿದಳು.

ಒಳಗೆ ಅಗೆದ ಮಣ್ಣು ಬಿಟ್ಟರೆ ಏನಿಲ್ಲ ಅಂದುಕೊಂಡಿದ್ದೆ. ಆದರೆ ಅದು ಹಿಂದಿನ ಕಾಲದ ಸಾಲುಮನೆ. ಪಕ್ಕದ ಮನೆಗೂ ಇವರ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದವರು ಇನ್ನೂ ವಾಸವಿದ್ದರಿಂದ ಆ ಗೋಡೆಯನ್ನು ಹಾಗೇ ಉಳಿಸಿದ್ದರು. ಅದರ ಮೇಲೆ ಆಪಾ ಮನೆಯ ಒಳಗು ಅಷ್ಟೂ ಅಂಟಿಕೊಂಡಿತ್ತು. ಪಡಸಾಲೆಯ ಕೆನೆಬಣ್ಣ, ಅಡುಗೆಮನೆಯ ಮಸಿ, ಕೊನೆಗೆ ಬಚ್ಚಲಿನ ಅಗಲಕ್ಕೆ ಒಂದು ಚೌಕ, ಸೋಪು ಇಡುವ ಗೂಡಿನ ಸಮೇತ. ನಾಲ್ಕು ಗೋಡೆ ಮಧ್ಯೆ ಇರಬೇಕಾದ ಬಣ್ಣ ಬೀದಿ ಬಿಸಿಲಿಗೆ ಬಿದ್ದಿತ್ತು.

ಆಪಾ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡರು. ಗೂಡಿನೊಳಗೆ ಕೈ ಹಾಕಿ ತಡವಿದರು.

"ನಾನೇ ಒಡೆಸಿದ್ದು ಕಣಮ್ಮಾ. ಅವ್ರು ಬೇಡ ಅಂದ್ರು. ಇನ್ನೂ ಬುದ್ಧಿ ನೆಟ್ಟಗಿರೋವಾಗ್ಲೇ ಹೇಳಿದ್ರು, ನಾನು ಹೋದ ಮೇಲೆ ಮಾರ್ಕೋ ಅಂತ. ಲಿಫ್ಟ್ ಇರೋ ಮನೆ ಬೇಕು, ಮಹಡಿ ಹತ್ತೋಕೆ ಮಂಡಿ ನೋವು ಅಂತ ನಾನೇ ಹಟ ಹಿಡಿದೆ. ಮನೆ ಹೋದ್ರೆ ಅವ್ರೂ ಹೋಗ್ತಾರೆ ಅಂತ ನಂಗೇನ್ ಗೊತ್ತಿತ್ತು..."

ನಾನು ಬೀಗದ ಕೈಯಿಂದ ಗೋಡೆಯ ಒಂದು ಚಕ್ಕೆ ಎಬ್ಬಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಪೇಂಟ್ ಅಂಗಡಿಯಲ್ಲಿ ಕಂಪ್ಯೂಟರ್ ಚಕ್ಕೆಯನ್ನು ನೋಡಿ ಯಾವುದೋ ನಂಬರ್ ಕೊಟ್ಟಿತು. ಕಲಸಿದ ಸ್ಯಾಂಪಲನ್ನು ನಾನು ಬಿಸಿಲಿಗೆ ಹಿಡಿದು ನೋಡಿದೆ. ರವಿಕೆ ಬಟ್ಟೆಯನ್ನೂ ಹಾಗೇ ನೋಡುವುದು, ಅಂಗಡಿಯ ಲೈಟನ್ನು ನಂಬುವ ಹಾಗಿಲ್ಲ. ಒಂದು ಚೂರು ಹಸಿರು ಕಡಿಮೆ ಅನ್ನಿಸಿತು, ಹಾಕಿಸಿದೆ. ಮತ್ತೆ ಜಾಸ್ತಿ ಆಯಿತು. "ಮೇಡಂ, ಬಾತ್‌ರೂಮಿಗೆ ತಾನೇ?" ಅಂತ ಅಂಗಡಿಯವನು ನಕ್ಕ. ಆಪಾ ಅವನನ್ನು ನೋಡಿದ ರೀತಿಗೆ ಸುಮ್ಮನಾಗಿ, ಇನ್ನೊಂದು ಡಬ್ಬ ತೆರೆದ. ಕೊನೆಗೆ ಚಕ್ಕೆಯನ್ನು ಬಣ್ಣದ ಮೇಲಿಟ್ಟರೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಅಷ್ಟು ಕೂಡಿಬಂತು. ಟೈಲ್ಸಿನ ಮೇಲೂ ನಿಲ್ಲುವ ಪೇಂಟಿದೆ ಅಂದ, ಅದನ್ನೇ ತಗೊಂಡೆವು.

ಬಳಿದು, ಒಣಗಿ, ವಾಸನೆ ಹೋದ ಮೇಲೆ ಯಜಮಾನರನ್ನು ಕರೆದುಕೊಂಡು ಬಂದೆವು. ಅವರು ನೋಡಿದರು. ತಿರುಗಿ ಹೋಗಿ ಮಂಚದ ಮೇಲೆ ಕೂತರು. ಆಪಾ ಅಲ್ಲೇ ಬಕೆಟಿನ ಪಕ್ಕ ಕುಸಿದು ಕೂತುಬಿಟ್ಟರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ನಿಜ, ಅದು ಬಿಸಿಲಲ್ಲಿ ಕಂಡ ಬಣ್ಣವೇ ಆಗಿರಲಿಲ್ಲ, ಬೂದಿ ಬೂದಿಯಾಗಿ ಕಾಣುತ್ತಿತ್ತು. "ಹಳೇ ಬಚ್ಚಲಲ್ಲಿ ಯಾವ ಲೈಟಿತ್ತು ಆಪಾ?" ಅಂತ ಕೇಳಿದೆ. ಯಾವ ಲೈಟು, ಹಳೇ ಕಾಲದ ಬಲ್ಬು, ಹಂಡೆ ಹೊಗೆ ಹಿಡಿದು ಹಳದಿಯಾಗಿತ್ತು ಅಂದರು. ಕೆಳಗಿನ ಅಂಗಡಿಯಿಂದ ಹಳದಿ ಬೆಳಕಿನ ಬಲ್ಬು ತಂದು ಹಾಕಿದೆ. ಗೋಡೆಗಳು ಒಮ್ಮೆಲೇ ಹಸಿರು ತುಂಬಿಕೊಂಡವು. ಆಪಾ, "ಯಾ ಅಲ್ಲಾ" ಅಂದರು, ಅಷ್ಟೇ.

ಸಂಜೆಯ ಬಾಂಗ್ ಕೇಳಿದಾಗ ಯಜಮಾನರು ಎಂದಿನ ಹಾಗೆ ಎದ್ದು ಓಡಾಡತೊಡಗಿದರು. ಬಚ್ಚಲ ಬಾಗಿಲು ತೆರೆದಿತ್ತು. ಅದರ ಎದುರಿಗೆ ಬಂದು ನಿಂತರು. ಚೌಕಟ್ಟು ಹಿಡಿಯಲಿಲ್ಲ, ಒಳಗೆ ಹೋದರು. ಗೋಡೆಯ ಮೇಲೆ ಅಂಗೈ ಇಟ್ಟರು. ಸ್ಟೂಲಿನ ಮೇಲೆ ಕೂತು ತೋಳು ಮಡಿಸಿಕೊಂಡರು. ನಲ್ಲಿ ತಿರುಗಿಸಿದ ಸದ್ದು ಬಂತು. ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಮುಖ, ಮೊಣಕೈ ತನಕ ತೋಳು, ಒದ್ದೆ ಕೈಯಿಂದ ತಲೆ, ಕೊನೆಗೆ ಕಾಲು. ಒಂದೂ ಹಿಂದುಮುಂದಾಗಲಿಲ್ಲ. ಆಪಾ ಹೊರಗೆ ನಿಂತು ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖದಲ್ಲಿ ನಗು. ಅಂಥ ಸಂತೋಷವನ್ನು ನಾನು ಆಮೇಲೆ ಯಾರ ಮುಖದಲ್ಲೂ ಕಂಡಿಲ್ಲ.

ಯಜಮಾನರು ಹೊರಗೆ ಬಂದು ಟವೆಲಿಗೆ ಕೈ ಚಾಚಿದರು. ಆಪಾ ಕೊಟ್ಟರು. ಅವರು ಮುಖ ಒರೆಸಿಕೊಂಡು, ವಿನಯದಿಂದ, ಚಿಕ್ಕವರು ದೊಡ್ಡವರೊಡನೆ ಮಾತಾಡುವ ಹಾಗೆ, "ಆಪಾ, ಅಮ್ಮಿ ಕಹಾಂ ಹೈ?" ಅಂದರು.

ಅಕ್ಕಾ, ಅಮ್ಮ ಎಲ್ಲಿ ಅಂತ.

ಅವರನ್ನು ಎತ್ತಿ ಆಡಿಸಿದ ಅಕ್ಕ ಒಬ್ಬರಿದ್ದರು, ಎಂದೋ ತೀರಿಕೊಂಡಿದ್ದರು. ಆಪಾ ಟವೆಲ್ ವಾಪಸು ತಗೊಂಡು, ಅಮ್ಮಿ ಒಳಗಿದ್ದಾರೆ, ನೀನು ನಮಾಜ್ ಮುಗಿಸು ಅಂತ ಅವರ ಭಾಷೆಯಲ್ಲೇ ಹೇಳಿ ಚಾಪೆ ಹಾಸಿದರು. ಅವರು ನಿಂತರು. ನಡುನಡುವೆ ಮರೆತರು, ಆದರೂ ಬಗ್ಗಿದರು, ಹಣೆ ನೆಲಕ್ಕಿಟ್ಟರು.

ನಾನು ಅಂದುಕೊಂಡೆ, ನಾಳೆಗೆ ಸರಿಹೋಗುತ್ತೆ ಅಂತ. ಹೋಗಲಿಲ್ಲ. ಸ್ನಾನ ಮಾಡಿದರು, ಹುಣ್ಣುಗಳು ಮಾಯ್ದವು, ವುಜೂ ಮಾಡಿ ನಮಾಜಿಗೆ ನಿಂತರು. ಆದರೆ ಆ ಮುರಿದ ಹೆಸರು, ಆ ಎಳೆತ, ನಮ್ಮ ಅಡುಗೆಮನೆಗೆ ಮತ್ತೆ ಕೇಳಿಸಲೇ ಇಲ್ಲ. ಆಪಾ, ಆಪಾ ಅನ್ನುವುದೊಂದೇ. ಕಾಯಿಲೆ ಹೇಗಿದ್ದರೂ ಅಲ್ಲಿಗೇ ಹೋಗುತ್ತಿತ್ತು, ಗೋಡೆಗೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳಿದರಂತೆ. ಇರಬಹುದು. ಆಪಾ ಅದನ್ನು ನಂಬಲಿಲ್ಲ.

"ಬಣ್ಣ ಸರಿಯಾಗೇ ಸಿಕ್ತು ಕಣಮ್ಮಾ" ಅಂದರು ಒಂದು ದಿನ, ಅವರೆಕಾಯಿ ಬಿಡಿಸುತ್ತಾ. "ತುಂಬಾ ಸರಿಯಾಗಿ ಸಿಕ್ತು. ಅವ್ರು ಆ ಮನೇಗೆ ವಾಪಸ್ ಹೋದ್ರು. ಆದ್ರೆ ಅಲ್ಲಿಗೆ ನಾನಿನ್ನೂ ಮದ್ವೆ ಆಗಿ ಬಂದೇ ಇಲ್ಲ."

ನನಗೆ ತಡೆಯಲಾಗಲಿಲ್ಲ. "ಮತ್ತೆ ಬಿಳಿ ಹೊಡೆಸಿಬಿಡೋಣ್ವಾ ಆಪಾ?" ಅಂದೆ.

ಅವರು ಕಾಳಿನ ತಟ್ಟೆಯಿಂದ ತಲೆಯೆತ್ತಲಿಲ್ಲ. "ಬೇಡ. ಅವ್ರ ನಮಾಜ್ ತಪ್ಪಿಸಿ ನನ್ ಹೆಸರು ಕರೆಸ್ಕೊಂಡು ಏನ್ ಮಾಡ್ಲಿ? ಇರ್ಲಿ ಬಿಡು. ಅಕ್ಕ ಆದ್ರೂ ಆಗಿದೀನಲ್ಲ."

ಅಂದಿನಿಂದ ಅವರನ್ನು ಆಪಾ ಅಂತ ಕರೆಯಲು ನನ್ನ ನಾಲಿಗೆ ಹಿಂಜರಿಯತೊಡಗಿತು. ಬೇರೆ ಏನಂತ ಕರೆಯಲಿ, ಗೊತ್ತಾಗುತ್ತಿರಲಿಲ್ಲ. "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾ ಕರೆಯದೇ ಮಾತಾಡುತ್ತಿದ್ದೆ. ಅವರು ಅದನ್ನು ಗಮನಿಸಿದರೋ ಏನೋ...

ಮುಂದಿನ ರಂಜಾನಿನ ಹೊತ್ತಿಗೆ ಯಜಮಾನರು ಇರಲಿಲ್ಲ. ಹೈದರಾಬಾದಿನಿಂದ ಬಂದ ಮಗಳು ಫ್ಲಾಟು ಮಾರಿ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋದಳು. ಯಶವಂತಪುರ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಆಪಾ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡಿದ್ದರು. ಗಾಡಿ ಹೊರಟ ಮೇಲೂ ಬಿಡಲಿಲ್ಲ, ನಾನು ನಾಲ್ಕು ಹೆಜ್ಜೆ ಜೊತೆಗೇ ನಡೆದೆ. ಆಮೇಲೆ ಫೋನಿನಲ್ಲಿ ಮಾತು. ಹೊಸ ಊರಿನಲ್ಲಿ ಹೇಗಿದ್ದೀರಿ ಅಂದರೆ, ಚೆನ್ನಾಗಿದೆ, ಆದ್ರೆ ಕನ್ನಡ ಮಾತಾಡೋಕೆ ಯಾರೂ ಸಿಗಲ್ಲ ಅನ್ನುವರು. ಬರಬರುತ್ತಾ ಅದೂ ಕಡಿಮೆಯಾಯಿತು.

ಈ ವರ್ಷ, ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ, ಮಗಳ ಫೋನ್ ಬಂತು. ಬೆಳಗಿನ ನಮಾಜ್ ಮುಗಿಸಿ ಮಲಗಿದವರು ಏಳಲಿಲ್ಲವಂತೆ. ಮಗಳು ಅತ್ತಳು. ನಾನೂ ಷಟರ್ ಹಿಡಿದುಕೊಂಡೇ ಅತ್ತೆ. ಸ್ವಲ್ಪ ಸಮಾಧಾನವಾದ ಮೇಲೆ ಅವಳು ಅಂದಳು, "ಆಂಟಿ, ನಮ್ಮ ಅಬ್ಬಾ ಎಲ್ಲಾ ಮರೆತ್ರೂ ಅಮ್ಮಿ ಹೆಸರು ಮಾತ್ರ ಮರೀಲಿಲ್ಲ ಅಲ್ವಾ? ಕೊನೇ ದಿನದ ತನಕ ಕರೀತಿದ್ರಂತೆ. ಅಮ್ಮಿ ಯಾವಾಗ್ಲೂ ಅದನ್ನೇ ಹೇಳೋರು. ನೀವು ಎದುರುಗಡೇನೇ ಇದ್ರಲ್ಲ, ನಿಮಗೂ ಕೇಳಿಸ್ತಿತ್ತಾ?"

ಆ ಹೆಸರು ನಿಂತುಹೋದದ್ದನ್ನು ಆಪಾ ತಮ್ಮ ಮಕ್ಕಳಿಗೆ ಹೇಳಿರಲೇ ಇಲ್ಲ. ಇದನ್ನು ಬರೆಯುವಾಗ ಯಾರ ಹೆಸರನ್ನೂ ಬರೆಯದೆ ಬಿಟ್ಟಿದ್ದು ಅದಕ್ಕೇ. ಆ ಸಂಜೆ ಬಚ್ಚಲ ಬಾಗಿಲಲ್ಲಿ ನಿಂತಿದ್ದವರು ನಾವು ಮೂರೇ ಜನ, ಈಗ ಉಳಿದಿರುವವಳು ನಾನೊಬ್ಬಳು.

"ಹೂಂ ಕಣಮ್ಮಾ" ಅಂದೆ. "ಕೊನೇವರೆಗೂ ಕರೀತಿದ್ರು. ನಮ್ಮ ಅಡುಗೆಮನೆಗೆ ಕೇಳಿಸ್ತಿತ್ತು."